ದ್ಯಾಮಕ್ಕನ ಫೋಟೋದೊಳಗಿನ ಅಕ್ಷರ

ಹೊಸಪೇಟೆಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದೊಡ್ಡಬಸಪ್ಪನ ಡಿ.ಟಿ.ಪಿ. ಅಂಗಡಿ ಇದೆ. ಅವನ ಕೈಯಲ್ಲಿ ಸರಿಹೋಗದ ಕನ್ನಡ ಅಕ್ಷರ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂಬುದು ಆ ಓಣಿಯ ನಂಬಿಕೆ. ಆ ನಂಬಿಕೆಯನ್ನು ಹುಟ್ಟಿಸಿದವನು, ಹಾಲೆರೆದು ಬೆಳೆಸಿದವನು, ದಿನಕ್ಕೊಮ್ಮೆ ನಾಲ್ಕು ಜನರಿಗೆ ನೆನಪಿಸುವವನು ದೊಡ್ಡಬಸಪ್ಪನೇ.

ಹಾಗೆಂದು ಅದು ಸುಳ್ಳಲ್ಲ. ಒಂದು ಕಂಪ್ಯೂಟರಿನಲ್ಲಿ ಟೈಪು ಮಾಡಿದ ಕನ್ನಡವನ್ನು ಇನ್ನೊಂದರಲ್ಲಿ ತೆರೆದಾಗ ಕೆಲವು ಸಲ ಕನ್ನಡವೆಲ್ಲ ಮಾಯವಾಗಿ, ತಲೆಯ ಮೇಲೆ ಟೋಪಿ ಇಟ್ಟ ಎ, ಬಾಲ ಬೆಳೆಸಿದ ಸಿ, ಎರಡು ಚುಕ್ಕೆ ಹೊತ್ತ ವೈ, ಹೀಗೆ ವೇಷ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿ ನಿಲ್ಲುತ್ತವೆ. ಬೇರೆಯವರು ಗಾಬರಿಯಾಗುತ್ತಾರೆ. ದೊಡ್ಡಬಸಪ್ಪ ಕನ್ನಡಕವನ್ನು ಹಣೆಗೇರಿಸಿ "ಹಳೇ ಫಾಂಟು" ಎನ್ನುತ್ತಾನೆ. ಎಲ್ಲವನ್ನೂ ನಕಲು ಮಾಡಿ, ಹಳೇ ಫಾಂಟನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಕ್ಕೆ ಸುರಿದು, ಗುಂಡಿ ಒತ್ತುತ್ತಾನೆ. ಕನ್ನಡ ಕಣ್ಣುಜ್ಜಿಕೊಂಡು ಎದ್ದು ಕೂರುತ್ತದೆ. ಇಪ್ಪತ್ತೇಳು ವರ್ಷದಿಂದ ಅವನು ಮಾಡುತ್ತಿರುವುದು ಇದನ್ನೇ. ಕಂಪ್ಲಿಯ ಲಗ್ನಪತ್ರಿಕೆ, ಸಂಡೂರಿನ ಸಹಕಾರ ಸಂಘದ ವರದಿ, ಹಂಪಿಯ ಹೋಟೆಲಿನ ಮೆನು, ಯಾವುದೇ ಇರಲಿ, ಕೆಟ್ಟು ಬಂದದ್ದು ಗುಣವಾಗಿ ಹೋಗಿದೆ.

ಅವನಿಗೆ ಬಾರದೇ ಇದ್ದದ್ದು ಒಂದೇ, ಫೈಲುಗಳನ್ನು ಜೋಡಿಸಿ ಇಡುವುದು. ಒಂದು ಲಗ್ನಪತ್ರಿಕೆಗೆ ಹನ್ನೊಂದು ಫೈಲುಗಳಿರುತ್ತಿದ್ದವು. 'ಫೈನಲ್', 'ಫೈನಲ್ ಹೊಸದು', 'ಫೈನಲ್ ಇದೇ', 'ಫೈನಲ್ ದೇವರಾಣೆ ಇದೇ'. ಒಮ್ಮೆ 'ಇದೇ' ಬಿಟ್ಟು 'ಹೊಸದು' ಅಚ್ಚಾಗಿ, ಮದುಮಗಳ ಹೆಸರಿನ ಜಾಗದಲ್ಲಿ ಅವಳ ಅಕ್ಕನ ಹೆಸರು ಬಂದು, ಎರಡೂ ಕಡೆಯವರು ಅಂಗಡಿಯ ಮುಂದೆ ಅರ್ಧ ದಿನ ಕುಳಿತಿದ್ದರು.

ಅದಾದ ವಾರಕ್ಕೆ ಅವನ ತಂಗಿಯ ಮಗಳು ಐಶ್ವರ್ಯ ಬಂದಳು. ತೋರಣಗಲ್ಲಿನ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳಿಗೆ ಕೆಲಸ. ಕಂಪನಿ ಬಸ್ಸಿನಲ್ಲಿ ಹೋಗಿ ಬರುವ, ಮಾತು ಕಡಿಮೆಯ ಹುಡುಗಿ. ಅವಳು ಮಾಮನ ಕಂಪ್ಯೂಟರಿಗೆ ವರ್ಷನ್ ಕಂಟ್ರೋಲ್ ಎಂಬುದನ್ನು ಹಾಕಿಕೊಟ್ಟಳು. ಇನ್ನು ಮೇಲೆ ಒಂದು ಕೆಲಸಕ್ಕೆ ಒಂದೇ ಫೈಲು, ಒಂದೇ ಹೆಸರು. ತಿದ್ದಿದಾಗಲೆಲ್ಲ ಏನು ತಿದ್ದಿದೆ ಎಂದು ಒಂದು ಸಾಲು ಬರೆದು ಅದಕ್ಕೆ ಒಪ್ಪಿಸಿದರೆ ಸಾಕು. ಹಳೆಯದನ್ನೂ ಹೊಸದನ್ನೂ ಅದು ಒಳಗೆ ಇಟ್ಟುಕೊಂಡಿರುತ್ತದೆ. ಯಾವ ಸಾಲಿನಲ್ಲಿ ಯಾವ ಅಕ್ಷರ ಬದಲಾಯಿತು ಎಂದು ಕೇಳಿದರೆ ಕೆಂಪು ಹಸಿರು ಬಣ್ಣದಲ್ಲಿ ತೋರಿಸುತ್ತದೆ.

ದೊಡ್ಡಬಸಪ್ಪ ಮೊದಲ ದಿನ ಅದನ್ನು ನೋಡಿ ಕುರ್ಚಿಯಿಂದ ಎದ್ದು ನಿಂತುಬಿಟ್ಟ. ಒಂದು ಗಂಟೆಯ ಹಿಂದೆ ತಾನೇ ಬಿಟ್ಟಿದ್ದ ಒಂದು ಒತ್ತಕ್ಷರವನ್ನು ಅದು ದಿನಾಂಕ ಸಮೇತ ಹೇಳಿತ್ತು. ಪಕ್ಕದ ಪುಸ್ತಕದಂಗಡಿಯ ಅಂದಾನಪ್ಪ ಮಾಸ್ತರು ಅದಕ್ಕೆ ಚಿತ್ರಗುಪ್ತ ಎಂದು ಹೆಸರಿಟ್ಟರು. ಅಂದಿನಿಂದ ಬೆಳಗ್ಗೆ ಅಂಗಡಿ ತೆರೆದ ಕೂಡಲೇ ದೇವರ ಪಟಕ್ಕೆ ಹಚ್ಚಿದ ಊದುಬತ್ತಿಯನ್ನು ಚಿತ್ರಗುಪ್ತನಿಗೂ ಎರಡು ಸುತ್ತು ತೋರಿಸುವುದು ಪದ್ಧತಿಯಾಯಿತು.

ಐಶ್ವರ್ಯ ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದ್ದಳು. "ಮಾಮಾ, ಫೈಲಿನ್ಯಾಗ ಎರಡು ನಮೂನಿ ಅದಾವ. ಒಂದು ಓದೋದು, ಒಂದು ನೋಡೋದು. ಓದೋ ಫೈಲಿಗೆ ಇದು ಪ್ರತಿ ಸಾಲಿನ ಕೊನಿಗೆ ಸಣ್ಣ ರಿಪೇರಿ ಮಾಡಿಕೊಂತೈತಿ, ಅದರಿಂದ ತೊಂದ್ರಿ ಇಲ್ಲ. ಆದ್ರ ಫೋಟೋಕ್ಕ ಆ ರಿಪೇರಿ ಮಾಡಿದ್ರ ಫೋಟೋ ಸತ್ತಂಗ. ಅದಕ್ಕ ಫೋಟೋ ಎಲ್ಲಾ ಬೈನರಿ, ಅಂದ್ರ ನೋಡೋವು, ಮುಟ್ಟಬ್ಯಾಡ ಅಂತ ಈ ಸಣ್ಣ ಫೈಲಿನ್ಯಾಗ ಒಂದು ಸಾಲು ಬರದೀನಿ. ಆ ಸಾಲು ತೆಗಿಬ್ಯಾಡ್ರಿ."

ದೊಡ್ಡಬಸಪ್ಪ ಭಕ್ತಿಯಿಂದ ತಲೆಯಾಡಿಸಿದ. ಅವನ ಕಿವಿಗೆ ಬಿದ್ದದ್ದು ಬೈನರಿ ಎಂಬ ಹೊಸ ಮಾತೊಂದೇ.

ಇನ್ನು ಹೊಳೆಮ್ಮನ ವಿಷಯ.

ಹೊಳೆಮ್ಮ ಕಂಪ್ಲಿ ಕೋಟೆಯವಳು, ಎಪ್ಪತ್ತು ದಾಟಿದವಳು. ಮುಂಗಾರು ಹಿಡಿಯುವ ಮೊದಲು ಅವಳು ಒಂದು ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ದೊಡ್ಡಬಸಪ್ಪನ ಅಂಗಡಿಗೆ ಬಂದಿದ್ದಳು. ಅವಳ ತಾಯಿ ದ್ಯಾಮಕ್ಕನ ಫೋಟೋ. ದ್ಯಾಮಕ್ಕ ಇಡೀ ಜನ್ಮದಲ್ಲಿ ಕ್ಯಾಮೆರಾದ ಮುಂದೆ ನಿಂತದ್ದು ಒಂದೇ ಸಲ. ಹೊಳೆಯ ಸ್ನಾನಕ್ಕೆಂದು ಹಂಪಿಗೆ ಹೋದಾಗ, ಬಜಾರಿನ ಕಲ್ಲು ಮಂಟಪದಲ್ಲಿ ಕರೀ ಬಟ್ಟೆ ಹೊದ್ದು ನಿಂತಿದ್ದ ಫೋಟೋದವನ ಮುಂದೆ. ಪಕ್ಕದಲ್ಲಿ ನಾಲ್ಕು ವರ್ಷದ ಹೊಳೆಮ್ಮನೂ ಇದ್ದಳು. ಆದರೆ ಮಗು ಅಲುಗಾಡದೆ ನಿಲ್ಲುವುದುಂಟೇ? ಫೋಟೋದಲ್ಲಿ ಉಳಿದದ್ದು ಅವ್ವನ ಸೆರಗನ್ನು ಹಿಡಿದ ಒಂದು ಪುಟ್ಟ ಕೈ, ಅದರ ಹಿಂದೆ ಒಂದಿಷ್ಟು ಮಂಜು.

ದೊಡ್ಡಬಸಪ್ಪ ಅದನ್ನು ಸ್ಕ್ಯಾನ್ ಮಾಡಿ, ಚಿತ್ರಗುಪ್ತನಿಗೆ ಒಪ್ಪಿಸಿ, ಮೂಲ ಫೋಟೋವನ್ನು ಜೋಪಾನವಾಗಿ ಹೊಳೆಮ್ಮನ ಕೈಗೆ ಕೊಟ್ಟ. ಎರಡು ತಿಂಗಳಿಗೆ ಅಣೆಕಟ್ಟಿನಿಂದ ನೀರು ಬಿಟ್ಟರು. ಹೊಳೆ ಕಂಪ್ಲಿ ಸೇತುವೆಯನ್ನು ಮುಳುಗಿಸಿ, ಕೋಟೆಯ ತಗ್ಗಿನ ಮನೆಗಳಿಗೂ ಬಂದು ಹೋಯಿತು. ನೀರು ಇಳಿದ ಮೇಲೆ ಹೊಳೆಮ್ಮ ಗೋಡೆಯಿಂದ ಚೌಕಟ್ಟು ತೆಗೆದು ನೋಡಿದರೆ ಗಾಜಿನ ಹಿಂದೆ ತೊಯ್ದ ಬಿಳಿ ಹಪ್ಪಳದಂಥದು ಅಂಟಿಕೊಂಡಿತ್ತು.

ಈಗ ಮನೆ ಮತ್ತೆ ಎದ್ದಿದೆ. ಕಾರ್ತಿಕದ ಶುಕ್ರವಾರ ಗೃಹಪ್ರವೇಶ. ಅವ್ವನ ಫೋಟೋ ಮೊದಲು ಹೊಸ್ತಿಲು ದಾಟಬೇಕು, ಆಮೇಲೆ ತಾನು, ಆಮೇಲೆ ಉಳಿದವರು ಎಂದು ಹೊಳೆಮ್ಮ ಮಕ್ಕಳಿಗೆ ಹೇಳಿಬಿಟ್ಟಿದ್ದಳು. ದ್ಯಾಮಕ್ಕನ ಮುಖ ಈಗ ಈ ಲೋಕದಲ್ಲಿ ಇದ್ದದ್ದು ಒಂದೇ ಕಡೆ, ದೊಡ್ಡಬಸಪ್ಪನ ಕಂಪ್ಯೂಟರಿನಲ್ಲಿ.

ಮಂಗಳವಾರ ಅವನು ದೊಡ್ಡದಾಗಿ ಒಂದು ಪ್ರತಿ ತೆಗೆದು ತೋರಿಸಿದ. ಸುಮ್ಮನೆ ತೆಗೆದದ್ದಲ್ಲ. ಮುಂಚೆಯೇ ಕೂತು ಮುಖದ ಮೇಲಿದ್ದ ಒಂದು ಬಿಳಿ ಚುಕ್ಕೆಯನ್ನು ಅಳಿಸಿ ಸ್ವಚ್ಛ ಮಾಡಿಟ್ಟಿದ್ದ. ಚುಕ್ಕೆಗಳ ವಿಷಯದಲ್ಲಿ ಅವನಿಗೆ ದೊಡ್ಡ ಅನುಭವ. ಸಂಡೂರಿನಿಂದ ಬಂದ ಫೋಟೋದ ಮೇಲೆ ಕೆಂಪು ಚುಕ್ಕೆ ಇದ್ದರೆ ಅದು ಅದಿರಿನ ಧೂಳು. ಕಂಪ್ಲಿಯ ಫೋಟೋದ ಮೇಲೆ ಬಿಳಿ ಚುಕ್ಕೆ ಇದ್ದರೆ ಅಕ್ಕಿ ಗಿರಣಿಯ ತೌಡು. ಇದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ಅಳಿಸಿ, ಅದೇ ಹೆಸರಿನ ಮೇಲೆ ಉಳಿಸಿ, "ತೌಡು ತೆಗೆಯಲಾಗಿದೆ" ಎಂದು ಬರೆದು ಚಿತ್ರಗುಪ್ತನಿಗೆ ಒಪ್ಪಿಸಿದ್ದ.

ಹೊಳೆಮ್ಮ ಪ್ರತಿಯನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ನಮ್ಮವ್ವ ಅಲ್ಲ ತಮ್ಮಾ."

ದೊಡ್ಡಬಸಪ್ಪ ನಕ್ಕ. ಕಣ್ಣು ನಿಮ್ಮವ್ವನದು ಹೌದೋ ಅಲ್ಲವೋ ಎಂದು ಕೇಳಿದ. ಹೌದು ಎಂದಳು. ಹಣೆ, ತುಟಿ, ಕೆನ್ನೆ? ಅವೂ ಹೌದು. ಸೆರಗು ಹಿಡಿದ ಕೈ? ಅದು ತನ್ನದೇ.

"ಎಲ್ಲಾ ಹೌದಂದ ಮ್ಯಾಲೆ ಮತ್ತೇನ್ರಿ ಅಮ್ಮಾ?"

"ಎಲ್ಲಾ ಹೌದಪಾ. ಆದ್ರ ನಮ್ಮವ್ವ ಅಲ್ಲ. ಏನೋ ಬ್ಯಾರೆ ಐತಿ." ಏನು ಬೇರೆ ಎಂದು ಹೇಳಲು ಅವಳಿಗೆ ಬರಲಿಲ್ಲ. ನಾಳೆ ಬರುತ್ತೇನೆ, ನೋಡಿ ಇಡು ಎಂದಷ್ಟೇ ಹೇಳಿ ಕಂಪ್ಲಿ ಬಸ್ಸು ಹಿಡಿದಳು.

ಇಪ್ಪತ್ತೇಳು ವರ್ಷದಲ್ಲಿ ದೊಡ್ಡಬಸಪ್ಪನ ಕೆಲಸ ಹೀಗೆ ಏನು ತಪ್ಪೆಂದೇ ತಿಳಿಯದೆ ವಾಪಸು ಬಂದಿರಲಿಲ್ಲ. ಬುಧವಾರ ಬೆಳಗ್ಗೆ ಊದುಬತ್ತಿ ಆರುವ ಮೊದಲೇ ಅವನು ಚಿತ್ರಗುಪ್ತನ ಮುಂದೆ ಕುಳಿತ. ಮೊದಲ ಫೋಟೋಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ ಎಂದು ಕೇಳಿದ. ಲಗ್ನಪತ್ರಿಕೆಯ ಒತ್ತಕ್ಷರವನ್ನೂ ಬಿಡದ ಚಿತ್ರಗುಪ್ತ ಒಂದೇ ಸಾಲು ಹೇಳಿ ಬಾಯಿ ಮುಚ್ಚಿಕೊಂಡಿತು. ಎರಡೂ ಬೈನರಿ ಫೈಲುಗಳು. ಎರಡೂ ಬೇರೆ ಬೇರೆ.

ಹೊಳೆಮ್ಮ ಹೇಳಿದ್ದೂ ಇದನ್ನೇ. ಓದುಬರಹ ಇಲ್ಲದ ಮುದುಕಿ, ಎಲ್ಲ ಬಲ್ಲ ಯಂತ್ರ, ಇಬ್ಬರದೂ ಒಂದೇ ಮಾತು. ಇಬ್ಬರೂ ಮುಂದಿನದು ಹೇಳುತ್ತಿಲ್ಲ. ಒಳಗೆ ಏನೋ ಇದೆ ಎಂದು ಅವನಿಗೆ ಖಾತ್ರಿಯಾಯಿತು. ಆ ಸಣ್ಣ ಫೈಲನ್ನು ತೆರೆದ. ಫೋಟೋಗಳು ಬೈನರಿ, ಮುಟ್ಟಬೇಡ ಎಂಬ ಸಾಲು ಅಲ್ಲಿತ್ತು. ಅದನ್ನು ಅಳಿಸಿದ. ಅದರ ಜಾಗದಲ್ಲಿ, ಈ ಅಂಗಡಿಯಲ್ಲಿರುವ ಸಕಲವೂ ಅಕ್ಷರವೇ ಎಂಬರ್ಥದ ಸಾಲೊಂದನ್ನು ಐಶ್ವರ್ಯಳ ಸಾಲನ್ನೇ ನೋಡಿಕೊಂಡು ಬರೆದ. ಆಮೇಲೆ ಮತ್ತೆ ಅದೇ ಪ್ರಶ್ನೆ ಕೇಳಿದ.

ಪರದೆಯ ತುಂಬ ಅಕ್ಷರ ಸುರಿಯಿತು. ಜೋಳದ ಚೀಲದ ಹೊಲಿಗೆ ಬಿಚ್ಚಿದಂತೆ ಸುರಿಯುತ್ತಲೇ ಇತ್ತು. ತಲೆಯ ಮೇಲೆ ಟೋಪಿ ಇಟ್ಟ ಎ, ಬಾಲ ಬೆಳೆಸಿದ ಸಿ, ಎರಡು ಚುಕ್ಕೆ ಹೊತ್ತ ವೈ.

ಬೇರೆ ಯಾರಾದರೂ ಆಗಿದ್ದರೆ ಹೆದರಿ ಅಲ್ಲಿಗೆ ಬಿಡುತ್ತಿದ್ದರು. ಈ ಜಗತ್ತಿನಲ್ಲಿ ಆ ಅಕ್ಷರಗಳನ್ನು ನೋಡಿ ಹಳೆಯ ನೆಂಟರು ಬಂದಂತೆ ಮುಖ ಅರಳಿಸಬಹುದಾದ ಮನುಷ್ಯ ಕನ್ನಡದ ಡಿ.ಟಿ.ಪಿ.ಯವನು ಮಾತ್ರ. ದೊಡ್ಡಬಸಪ್ಪ ಕನ್ನಡಕವನ್ನು ಹಣೆಗೇರಿಸಿದ.

"ಹಳೇ ಫಾಂಟು," ಎಂದ.

ಎಲ್ಲವೂ ಅವನಿಗೆ ಹೊಳೆಯಿತು. ಫೋಟೋದ ಒಳಗೆ ಕನ್ನಡವಿದೆ. ಫಾಂಟು ಕೆಟ್ಟಿದೆ. ಅಕ್ಷರ ಕೆಟ್ಟದ್ದರಿಂದಲೇ ಮುಖ ಕೆಟ್ಟಿದೆ. ಅಕ್ಷರ ಸರಿಮಾಡಿದರೆ ಮುಖ ತಾನಾಗಿ ಸರಿಹೋಗುತ್ತದೆ. ಇಷ್ಟು ಸುಲಭದ ವಿಷಯ ಆ ಹುಡುಗಿಗೆ ಯಾಕೆ ತಿಳಿಯಲಿಲ್ಲವೋ ಎಂದುಕೊಂಡು ಫೋಟೋವನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಎಲ್ಲವನ್ನೂ ನಕಲು ಮಾಡಿ, ಪರಿವರ್ತಕಕ್ಕೆ ಸುರಿದು ಗುಂಡಿ ಒತ್ತಿದ. ಯಂತ್ರ ತಿಣುಕಿತು. ಫ್ಯಾನು ಕೂಗಿತು. ಕೊನೆಗೆ ಕನ್ನಡ ಬಂತು.

'ಥೌಞ ಘೃಠ ಳೂಖ ಢೈಙ. ಛೋಝ ಠಠಂ ಣೃಷ.' ಹೀಗೆ ನಾನೂರು ಪುಟ.

ದೊಡ್ಡಬಸಪ್ಪ ಎರಡು ಕೈಯೆತ್ತಿ ಪರದೆಗೆ ನಮಸ್ಕಾರ ಮಾಡಿದ. ಪೂರಾ ಅರ್ಥವಾಗದಿದ್ದರೂ ಕನ್ನಡವೆಂಬುದು ಕಣ್ಣಿಗೆ ಕಾಣುತ್ತಿತ್ತು. ಅಷ್ಟನ್ನೂ ಅದೇ ಫೈಲಿನ ಮೇಲೆ ಉಳಿಸಿ, "ಅಕ್ಷರ ತಿದ್ದಲಾಗಿದೆ, ಇನ್ನು ಮುಖ ಸರಿಯಾಗುತ್ತದೆ" ಎಂದು ಬರೆದು ಚಿತ್ರಗುಪ್ತನಿಗೆ ಒಪ್ಪಿಸಿದ. ಆ ಹೊತ್ತಿಗೆ ಅವನ ಭಾವಮೈದುನ ಪಂಪೇಶ ಫ್ಲೆಕ್ಸಿಗೆಂದು ಮೊಬೈಲಿನಿಂದ ಕಳಿಸಿದ್ದ ತನ್ನ ಫೋಟೋವೂ ಬಂದಿತ್ತು. ಅದನ್ನೂ ಜೊತೆಗೇ ಒಪ್ಪಿಸಿದ.

ಆಮೇಲೆ ಗೋಡೆ ತಟ್ಟಿ ಅಂದಾನಪ್ಪ ಮಾಸ್ತರನ್ನು ಕರೆದ.

ಮಾಸ್ತರು ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದವರು. ಗೊತ್ತಿಲ್ಲ ಎಂಬ ಮಾತನ್ನು ಕಲಿಸಿಯೂ ಇಲ್ಲ, ಕಲಿತೂ ಇಲ್ಲ. ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿದರು. ಎಲ್ಲಿಂದ ಬಂತು ಎಂದು ಕೇಳಿದರು. ಹಂಪಿಯ ಕಲ್ಲು ಮಂಟಪದಲ್ಲಿ ತೆಗೆದ ಫೋಟೋದ ಒಳಗಿನಿಂದ ಎಂದು ದೊಡ್ಡಬಸಪ್ಪ ಹೇಳಿದ. ಮಾಸ್ತರು ನಿಧಾನವಾಗಿ ಹೊರಗೆ ಹೋಗಿ, ಚಪ್ಪಲಿ ಬಿಟ್ಟು, ಮತ್ತೆ ಒಳಗೆ ಬಂದರು.

"ಬಸಪ್ಪಾ, ಇದು ನಾವು ನೀವು ಆಡೋ ಕನ್ನಡ ಅಲ್ಲ. ಭಾಳ ಹಿಂದಿಂದು. ಆ ಮಂಟಪದ ಕಲ್ಲಿನ್ಯಾಗ ಏನು ಕೊರೆದಿತ್ತೋ, ಫೋಟೋ ಹೊಡೆಯೋ ಹೊತ್ತಿನ್ಯಾಗ ಅದರ ನೆರಳು ಒಳಗ ಬಂದೈತಿ."

ಪ್ರಿಂಟರಿನಿಂದ ಹೊರಬಂದ ಮೊದಲ ಹತ್ತು ಪುಟಗಳನ್ನು ಅವರು ಎರಡೂ ಕೈಯಿಂದ ಇಸಿದುಕೊಂಡರು. ನಡುನಡುವೆ ನಿಲ್ಲಿಸಿ, ರಾಗ ಕೂಡಿಸಿ ಓದತೊಡಗಿದರು. ಮಾಸ್ತರ ಕಂಠ ದೊಡ್ಡದು. 'ಠಠಂ ಣೃಷ' ಎಂಬುದನ್ನು ಅವರು ಮೂರು ಸಲ ಹಾಡಿದರು. ಓಣಿಯಲ್ಲಿ ಹೋಗುತ್ತಿದ್ದವರು ನಿಂತರು. ಹೂವಿನವಳು ಬುಟ್ಟಿ ಇಳಿಸಿದಳು. ಒಬ್ಬ ಆಟೋದವನು ಇಂಜಿನ್ನು ಆರಿಸಿ, ಟೋಪಿ ತೆಗೆದ.

ಅಷ್ಟರಲ್ಲಿ ಪಂಪೇಶ ಬಂದ. ಈ ಸಲದ ಚುನಾವಣೆಗೆ ನಿಲ್ಲಬೇಕೆಂದು ಹನ್ನೆರಡು ವರ್ಷದಿಂದ ತಯಾರಿ ನಡೆಸಿರುವ, ನಲವತ್ತೇಳು ವಯಸ್ಸಿನ ಯುವ ನಾಯಕ. ತನ್ನ ಫ್ಲೆಕ್ಸು ಏನಾಯಿತೆಂದು ಕೇಳಲು ಬಂದವನು ಗುಂಪನ್ನು ನೋಡಿದ ಕೂಡಲೇ ಅದರ ಮುಂದಾಳುತನ ವಹಿಸಿಕೊಂಡ. ಇದು ಜಿಲ್ಲೆಯ ಹೆಮ್ಮೆ, ಇದಕ್ಕೊಂದು ಸಮಿತಿ ಆಗಬೇಕು, ಅಧ್ಯಕ್ಷನಾಗಲು ತನಗೇನೂ ಅಡ್ಡಿಯಿಲ್ಲ ಎಂದು ಸಾರಿದ. ತನ್ನ ಫೋಟೋದ ಒಳಗೂ ಏನಾದರೂ ಬರೆದಿದೆಯೋ ನೋಡು ಭಾವ ಎಂದು ಮೆಲ್ಲಗೆ ಕೇಳಿಕೊಂಡ.

ಮಧ್ಯಾಹ್ನ ರೊಟ್ಟಿ ಬುತ್ತಿ ತಂದ ದೊಡ್ಡಬಸಪ್ಪನ ಹೆಂಡತಿ ಚಂದ್ರಕಲಾಳಿಗೆ ಅಂಗಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಬುತ್ತಿಯನ್ನು ತಲೆಗಳ ಮೇಲಿಂದ ದಾಟಿಸಿ, ಏನಿದು ಎಂದು ಕೇಳಿದಳು. ಐದಾರು ಜನ ಒಟ್ಟಿಗೆ ವಿವರಿಸಿದರು. ಅವಳು ಪೂರ್ತಿ ಕೇಳಿ, ಗಂಡನನ್ನು ನೋಡಿದಳು.

"ಫೋಟೋದಾಗ ಮುಖ ನೋಡ್ತಾರ್ರಿ. ಓದೂದಿಲ್ಲ."

ಹೆಂಗಸರಿಗೆ ಸಂಶೋಧನೆ ತಿಳಿಯುವುದಿಲ್ಲ ಎಂಬಂತೆ ಗಂಡಸರೆಲ್ಲ ಮುಗುಳ್ನಕ್ಕರು. ಚಂದ್ರಕಲಾ ಹೊರಗಿನ ಕಟ್ಟೆಯ ಮೇಲೆ ಕೂತು ಹೂವಿನವಳಿಗೆ ಹೂ ಕಟ್ಟಲು ನೆರವಾದಳು. ಕೈ ಸುಮ್ಮನಿದ್ದರೆ ಅವಳಿಗೆ ಸಿಟ್ಟು ಬರುತ್ತದೆ.

ಕಂದಾಯ ಇಲಾಖೆಯ ಲಿಂಗರಾಜ್ ಬಂದದ್ದು ಎರಡು ಗಂಟೆಗೆ. ಯಾವುದೋ ತಿದ್ದುಪಡಿ ಅರ್ಜಿ ಟೈಪು ಮಾಡಿಸಲು ಬಂದವರು. ಒಣಕಲು ಮೈಯ, ಯಾವುದನ್ನು ನೋಡಿದರೂ ಮೊದಲು ಹಿಂಬದಿ ತಿರುಗಿಸಿ ನೋಡುವ ಮನುಷ್ಯ. ಮಾಸ್ತರ ವಾಚನವನ್ನು ಕೊನೆಯವರೆಗೆ ಕೇಳಿದರು. ಪುಟಗಳ ಹಿಂಬದಿ ನೋಡಿದರು. ಏನೂ ಇರಲಿಲ್ಲ.

"ಎಲ್ಲಾ ಸರಿ ಐತ್ರಿ. ಇದು ತಿದ್ದಿದ ಪ್ರತಿ. ಮೂಲ ಪ್ರತಿ ಎಲ್ಲೈತಿ?"

ಮೂಲ ಪ್ರತಿ ಹೊಳೆಯ ಪಾಲಾಯಿತೆಂದು ದೊಡ್ಡಬಸಪ್ಪ ಹೇಳಿದ. ಅದು ಕಾಗದದ್ದಾಯಿತು, ಯಂತ್ರದಲ್ಲಿದ್ದ ಮೂಲ ಎಲ್ಲಿ ಎಂದು ಲಿಂಗರಾಜ್ ಕೇಳಿದರು. ಇಗೋ, ಇದೇ ಫೈಲು, ಅಕ್ಷರ ಸರಿಯಾಗಿದೆ, ಈಗ ಮುಖವೂ ಸರಿಯಾಗಿರುತ್ತದೆ ಎಂದು ದೊಡ್ಡಬಸಪ್ಪ ಎಲ್ಲರ ಎದುರು ಫೋಟೋದ ಮೇಲೆ ಎರಡು ಸಲ ಒತ್ತಿದ.

ಈ ಫೈಲನ್ನು ತೆರೆಯಲಾಗುವುದಿಲ್ಲ ಎಂದಿತು ಯಂತ್ರ.

ಮತ್ತೆ ಒತ್ತಿದ. ಮತ್ತೆ ಅದನ್ನೇ ಹೇಳಿತು. ಬೇರೆ ಬೇರೆ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿದ. ಯಾವುದಕ್ಕೂ ದ್ಯಾಮಕ್ಕ ಸಿಗಲಿಲ್ಲ. ನಾನೂರು ಪುಟ ಅಕ್ಷರ ಇದ್ದವು, ಮುಖ ಇರಲಿಲ್ಲ. ಮಾಸ್ತರು ಕೈಯಲ್ಲಿದ್ದ ಪುಟಗಳನ್ನು ಮಡಚಿ ಅಂಗಿಯ ಒಳಗೆ ಇಟ್ಟುಕೊಂಡರು. ಪಂಪೇಶ ಸಮಿತಿಯ ಅಧ್ಯಕ್ಷ ಸ್ಥಾನಕ್ಕೆ ಅಲ್ಲಿಯೇ ರಾಜೀನಾಮೆ ಕೊಟ್ಟ.

"ಒಂದೇ ಹೆಸರಿನ ಮ್ಯಾಲೆ ಉಳಿಸೀನಿ," ಎಂದ ದೊಡ್ಡಬಸಪ್ಪ, ಯಾರಿಗೂ ಅಲ್ಲ ಎಂಬಂತೆ. ಹಿಂದಿನ ಕಾಲದ 'ಫೈನಲ್ ದೇವರಾಣೆ ಇದೇ' ಎಂಬ ಹನ್ನೊಂದು ಫೈಲುಗಳು ಅವನಿಗೆ ಈಗ ಹನ್ನೊಂದು ಮಂದಿ ಅಣ್ಣತಮ್ಮಂದಿರಂತೆ ನೆನಪಾದವು.

ಸರಿಯಾಗಿ ಅದೇ ಗಳಿಗೆಗೆ ಕಂಪ್ಲಿಯಿಂದ ಹೊಳೆಮ್ಮ ಬಂದಳು. ಕಂಕುಳಲ್ಲಿ ಹೊಸ ಚೌಕಟ್ಟು, ಸೆರಗಿನ ತುದಿಯಲ್ಲಿ ಸುತ್ತಿದ್ದು. ಗುಂಪು ತಾನಾಗಿ ದಾರಿ ಬಿಟ್ಟಿತು. ಇಷ್ಟೊಂದು ಜನ ತನ್ನ ಅವ್ವನನ್ನು ನೋಡಲು ಸೇರಿದ್ದಾರೆಂದು ತಿಳಿದು ಆಕೆಯ ಮುಖ ಬೆಳಗಿತು. ದೊಡ್ಡಬಸಪ್ಪ ಎದ್ದ, ಕೂತ, ಮತ್ತೆ ಎದ್ದ. ಕೊನೆಗೆ ಚಂದ್ರಕಲಾ ಐಶ್ವರ್ಯಳಿಗೆ ಫೋನು ಮಾಡಿ, ಎದ್ದು ಬಂದು ಹೊಳೆಮ್ಮನ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿ, ಯಂತ್ರದಲ್ಲಿ ಏನೋ ತೊಡಕಾಗಿದೆ, ನಮ್ಮ ಹುಡುಗಿ ಬರುತ್ತಿದ್ದಾಳೆ, ಅವಳು ಬರುವವರೆಗೆ ಕೂತಿರಿ ಎಂದು ಹೇಳಿ ರೊಟ್ಟಿಯ ಬುತ್ತಿ ಬಿಚ್ಚಿದಳು. ಹೊಳೆಮ್ಮ ರೊಟ್ಟಿ ಮುರಿದಳು, ತಿನ್ನಲಿಲ್ಲ.

"ನಮ್ಮವ್ವ ಅದಾಳಲ್ಲವಾ ಒಳಗ?"

ಚಂದ್ರಕಲಾ ಹೊಳೆಮ್ಮನ ಹೆರಳಿಗೆ ಒಂದು ಮೊಳ ಹೂ ಮುಡಿಸಿದಳು.

ಕಂಪನಿ ಬಸ್ಸು ಐಶ್ವರ್ಯಳನ್ನು ಸರ್ಕಲ್ಲಿನಲ್ಲಿ ಇಳಿಸುವಾಗ ಮೂರೂವರೆ. ಪಂಪೇಶ ಬೈಕಿನಲ್ಲಿ ಹೋಗಿ ಅವಳನ್ನು ಕೂರಿಸಿಕೊಂಡು ಬಂದ. ಅವಳು ಬ್ಯಾಗು ಇಳಿಸದೆ, ನೀರು ಕುಡಿಯದೆ, ಮಾಮ ಹೇಳಿದ್ದನ್ನೆಲ್ಲ ನಿಂತು ಕೇಳಿದಳು. ಪರಿವರ್ತಕದ ವಿಷಯ ಬಂದಾಗ ಅವಳ ಕಣ್ಣುಗಳು ದೊಡ್ಡವಾದವು. ಬೈಯಲಿಲ್ಲ. ಅವಳ ಆರು ವರ್ಷದ ನೌಕರಿಯಲ್ಲಿ ಫೋಟೋವನ್ನು ಕನ್ನಡಕ್ಕೆ ತಿರುಗಿಸಿದವರನ್ನು ಅವಳು ಕಂಡಿರಲಿಲ್ಲ. ಒಂದು ರೀತಿಯ ಗೌರವವೇ ಆ ನೋಟದಲ್ಲಿತ್ತು.

"ಮುಟ್ಟಬ್ಯಾಡ ಅಂತ ಬರದಿದ್ದ ಸಾಲು ಯಾವಾಗ ತೆಗದ್ರಿ ಮಾಮಾ?"

"ಇವತ್ತು ಮುಂಜಾನಿ."

"ಖರೇನಾ? ಮೊದಲ ಸಲ ಒಪ್ಪಿಸಿದಾಗ ಸಾಲು ಇತ್ತಾ?"

ದೊಡ್ಡಬಸಪ್ಪನಿಗೆ ನೆನಪಿಲ್ಲ. ಆ ಸಾಲು ಇಲ್ಲದೆ ಒಪ್ಪಿಸಿದ್ದರೆ ಏನಾಗುತ್ತಿತ್ತು ಎಂದು ಲಿಂಗರಾಜ್ ಕೇಳಿದರು. ಐಶ್ವರ್ಯ ಈ ದಿನ ಬೆಳಗ್ಗೆ ಸಾಲು ತೆಗೆದ ಮೇಲೆ ಒಪ್ಪಿಸಿದ್ದ ಪಂಪೇಶನ ಫೋಟೋವನ್ನು ಚಿತ್ರಗುಪ್ತನ ಒಳಗಿನಿಂದ ಹೊರಗೆ ತೆಗೆದು ತೋರಿಸಿದಳು.

ಮೀಸೆಯವರೆಗೆ ಪಂಪೇಶ ಇದ್ದ. ಕಪ್ಪು ಕನ್ನಡಕವೂ ಇತ್ತು. ಮೀಸೆಯ ಕೆಳಗೆ ಬಾಯಿಯ ಬದಲು ಬೂದು ಪಟ್ಟೆ, ಅದರ ಕೆಳಗೆ ಹಸಿರು ಪಟ್ಟೆ, ನಮಸ್ಕಾರದ ಕೈಗಳಿದ್ದ ಜಾಗದಲ್ಲಿ ಏನೂ ಇಲ್ಲ. ಪಂಪೇಶ ತನ್ನ ಬಾಯಿಯನ್ನು ಮುಟ್ಟಿ ನೋಡಿಕೊಂಡ. ಮಾತಿಲ್ಲದ ಪಂಪೇಶನನ್ನು ಓಣಿ ಅವತ್ತೇ ಮೊದಲು ನೋಡಿದ್ದು. ಇದು ಓದುವ ಫೈಲೆಂದು ತಿಳಿದು ಚಿತ್ರಗುಪ್ತ ಸಾಲುಗಳ ಕೊನೆ ರಿಪೇರಿ ಮಾಡಿತು, ಎಲ್ಲೆಲ್ಲಿ ಮಾಡಿತೆಂದು ಅದಕ್ಕೂ ಗೊತ್ತಿಲ್ಲ, ಇನ್ನು ಯಾರೂ ಇದನ್ನು ಸರಿಮಾಡಲಾರರು ಎಂದು ಐಶ್ವರ್ಯ ವಿವರಿಸಿದಳು. ಪಂಪೇಶ ಮಾಮನ ಮೂಲ ಅವನ ಮೊಬೈಲಿನಲ್ಲಿದೆ, ಇನ್ನೊಮ್ಮೆ ಕಳಿಸಿದರಾಯಿತು. ದ್ಯಾಮಕ್ಕನ ಮೂಲ ಎಲ್ಲೂ ಇಲ್ಲ.

ಎಲ್ಲರ ಕಣ್ಣೂ ಪರದೆಯ ಮೇಲೆ. ಐಶ್ವರ್ಯ ಹಿಂದೆ ಹಿಂದೆ ಹೋದಳು. ಬುಧವಾರ, 'ಅಕ್ಷರ ತಿದ್ದಲಾಗಿದೆ'. ಹದಿನೈದು ದಿನದ ಹಿಂದೆ, 'ತೌಡು ತೆಗೆಯಲಾಗಿದೆ'. ಅದಕ್ಕೂ ಹಿಂದೆ ದೀಪಾವಳಿ, ದಸರಾ, ಗಣಪತಿ, ಕಂಪ್ಲಿಗೆ ನೀರು ಬಂದ ವಾರ. ಅದಕ್ಕೂ ಹಿಂದೆ, ಮುಂಗಾರಿನ ಮೊದಲ ಒಂದು ದಿನ, 'ಕಂಪ್ಲಿ ಹೊಳೆಮ್ಮ ಇವರ ತಾಯಿಯ ಫೋಟೋ' ಎಂದು ದೊಡ್ಡಬಸಪ್ಪನದೇ ಬರಹ. ಅವಳು ಆ ದಿನದ ಸಣ್ಣ ಫೈಲನ್ನು ತೆರೆದು ಬೆರಳಿಟ್ಟು ಓದಿದಳು.

"ಸಾಲು ಐತಿ," ಎಂದಳು.

ಅಳಿಸಿದ್ದ ಸಾಲನ್ನು ಮೊದಲು ಅದರ ಜಾಗದಲ್ಲಿ ಬರೆದು, ಆಮೇಲೆ ಆ ದಿನದ ಫೋಟೋವನ್ನು ಹೊರಗೆ ಕರೆದಳು. ಪರದೆ ಒಂದು ಕ್ಷಣ ಕಪ್ಪಾಗಿತ್ತು. ಮೇಲಿನಿಂದ ಕಲ್ಲು ಮಂಟಪದ ಅಂಚು ಬಂತು. ಹಣೆ ಬಂತು. ಕಣ್ಣು ಬಂತು. ತುಟಿ, ಗದ್ದ, ಸೆರಗು, ಸೆರಗನ್ನು ಹಿಡಿದ ಪುಟ್ಟ ಕೈ, ಹಿಂದಿನ ಮಂಜು. ಒಂದು ಪಟ್ಟೆಯೂ ಇಲ್ಲ. ಹೊಳೆ ಬಂದು ಹೋದದ್ದು, ನಾನೂರು ಪುಟ ಕನ್ನಡವಾದದ್ದು, ಯಾವುದೂ ತನಗೆ ಗೊತ್ತಿಲ್ಲವೆಂಬಂತೆ ದ್ಯಾಮಕ್ಕ ಅವರನ್ನೆಲ್ಲ ನೋಡುತ್ತಿದ್ದಳು.

ದೊಡ್ಡಬಸಪ್ಪನ ಕೈಗಳು ತಾವಾಗಿ ಮುಗಿದುಕೊಂಡವು. ಬೆಳಗ್ಗೆ ಅಕ್ಷರಕ್ಕೆ ಮುಗಿದ ಕೈಗಳೇ ಅವು.

ಕಟ್ಟೆಯ ಮೇಲಿದ್ದ ಹೊಳೆಮ್ಮನನ್ನು ಚಂದ್ರಕಲಾ ಒಳಗೆ ಕರೆತಂದಳು. ಹೊಳೆಮ್ಮ ಪರದೆಯ ಮುಂದೆ ನಿಂತಳು. ಅವಳು ನಿಧಾನವಾಗಿ ಕೈ ಚಾಚಿ, ಸುಕ್ಕುಗಟ್ಟಿದ ತೋರುಬೆರಳನ್ನು ದ್ಯಾಮಕ್ಕನ ಮೂಗಿನ ಎಡಬದಿಗೆ ತಾಗಿಸಿದಳು. ಅಲ್ಲಿ, ಹಂಪಿಯ ಅಂದಿನ ಬಿಸಿಲು ಬಿದ್ದು, ಒಂದು ಬಿಳಿ ಚುಕ್ಕೆ ಹೊಳೆಯುತ್ತಿತ್ತು.

"ಮೂಗುಬೊಟ್ಟು," ಎಂದಳು.

ದೊಡ್ಡಬಸಪ್ಪನ ಹಣೆಯ ಮೇಲಿದ್ದ ಕನ್ನಡಕ ಜಾರಿ ಮೂಗಿನ ಮೇಲೆ ಬಂದು ಕೂತಿತು. ತೌಡು ಎಂದು ಹೇಳಲು ಅವನಿಗೆ ಧೈರ್ಯವಾಗಲಿಲ್ಲ. ಆದರೆ ಚಿತ್ರಗುಪ್ತ ಅದನ್ನು ಆಗಲೇ ಬರೆದಿಟ್ಟುಕೊಂಡಿತ್ತು, ದಿನಾಂಕ ಸಮೇತ. ಲಿಂಗರಾಜ್ ಪರದೆಯ ಮೇಲೆ ಅದನ್ನು ಓದಿ, ಮನುಷ್ಯರಾಗಿ ಹುಟ್ಟಿದ್ದಕ್ಕೆ ಒಮ್ಮೆಯಾದರೂ ಸುಮ್ಮನಿರಬೇಕೆಂದು ಸುಮ್ಮನಿದ್ದರು.

ಶುಕ್ರವಾರ ಕಂಪ್ಲಿ ಕೋಟೆಯ ತಗ್ಗಿನ ಮನೆಯ ಮುಂದೆ ಓಣಿಯ ಅರ್ಧ ಜನ ಇದ್ದರು. ಅಂದಾನಪ್ಪ ಮಾಸ್ತರು ಜರಿ ಶಾಲು ಹೊದ್ದು ಬಂದಿದ್ದರು. ಅಂಗಿಯ ಒಳಗೆ ಆ ಹತ್ತು ಪುಟ ಇನ್ನೂ ಇದ್ದವು; ಯಂತ್ರ ಏನೇ ಹೇಳಲಿ, 'ಠಠಂ ಣೃಷ' ಎಂಬಲ್ಲಿ ಏನೋ ಇದೆ ಎಂಬುದನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಪಂಪೇಶ ದಾರಿಯ ತಿರುವಿನಲ್ಲಿ ಶುಭಾಶಯದ ಫ್ಲೆಕ್ಸು ಹಾಕಿಸಿದ್ದ. ಅದರಲ್ಲಿ ಅವನಿಗೆ ಪೂರ್ತಿ ಬಾಯಿ ಇತ್ತು. ಅತ್ತ ಹೊಸಪೇಟೆಯಲ್ಲಿ ಅಂಗಡಿಯ ಕಂಪ್ಯೂಟರಿನ ಮೇಲೆ ಒಂದು ಚೀಟಿ ಅಂಟಿತ್ತು, ಐಶ್ವರ್ಯ ಹೇಳಿದ್ದು, ದೊಡ್ಡಬಸಪ್ಪ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ್ದು: ಓದುವುದನ್ನು ಓದು, ನೋಡುವುದನ್ನು ನೋಡು.

ಫೋಟೋವನ್ನು ಯಾರು ಹಿಡಿದು ಒಳಗೆ ಹೋಗಬೇಕು ಎಂಬ ಮಾತು ಬಂದಾಗ ಹೊಳೆಮ್ಮ ಸುತ್ತ ನೋಡಿ, ಹಿಂದೆ ಹಿಂದೆ ಸರಿಯುತ್ತಿದ್ದ ದೊಡ್ಡಬಸಪ್ಪನ ಕೈಗೆ ಕೊಟ್ಟಳು. ಅವನು ಎದೆಗೆ ಅವಚಿಕೊಂಡು, ಬಿಸಿ ಹಾಲಿನ ಪಾತ್ರೆ ಹಿಡಿದವನಂತೆ ಹೆಜ್ಜೆ ಇಟ್ಟ. ಹೊಸ್ತಿಲ ಬಳಿ ಹೊಳೆಮ್ಮ ಅವನನ್ನು ನಿಲ್ಲಿಸಿ, ಗಾಜನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿದಳು. ಒರೆಸುತ್ತಾ ಮೂಗಿನ ಹತ್ತಿರ ಕೈ ತಡೆಯಿತು.

"ಈ ಬೊಟ್ಟು ನಡುವ ಎಲ್ಲಿ ಹೋಗಿತ್ತೋ ತಮ್ಮಾ?"

"ಎಲ್ಲೂ ಹೋಗಿದ್ದಿಲ್ಲಮ್ಮಾ," ಎಂದ ದೊಡ್ಡಬಸಪ್ಪ. "ನಾ ಓದಾಕ ಹತ್ತಿದ್ನಿ."

ಹೊಳೆಮ್ಮನಿಗೆ ಏನು ಅರ್ಥವಾಯಿತೋ, ತಲೆಯಾಡಿಸಿದಳು. ದ್ಯಾಮಕ್ಕ ಹೊಸ್ತಿಲು ದಾಟಿದಳು. ಅವಳ ಸೆರಗು ಹಿಡಿದ ಪುಟ್ಟ ಕೈಯೂ ಜೊತೆಗೇ ದಾಟಿತು. ಆಮೇಲೆ, ಅಷ್ಟೂ ವರ್ಷ ತಡವಾಗಿ, ಆ ಕೈಯ ಒಡತಿ ಬಲಗಾಲು ಇಟ್ಟು ಒಳಗೆ ಬಂದಳು.